ರಾಣಿ ಚನ್ನಮ್ಮ ವಿವಿಯೋ, ಅಕ್ಕಮಹಾದೇವಿ ವಿವಿಯೋ? ತಂಗಿಯ ಎಂಎ ಲೆಕ್ಕ ಹಾಕಿ ಕೊಡಿ

ಅಥಣಿ_ಅಣ್ಣ

ಎಲ್ಲರಿಗೂ ನಮಸ್ಕಾರ ರೀ. ತಂಗಿ ಬಿಎ ಮುಗಿಸಿದ್ದಾಳೆ. ಅರ್ಥಶಾಸ್ತ್ರದಲ್ಲಿ ಎಂಎ ಮಾಡಬೇಕು ಅಂತ ಹಟ ಹಿಡಿದಿದ್ದಾಳೆ. ಕಣ್ಣ ಮುಂದೆ ಎರಡು ಜಾಗ ಇವೆ. ಒಂದು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಇನ್ನೊಂದು ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ. ನಾವು ಅಥಣಿ ತಾಲೂಕಿನವರು. ಮೂರು ಎಕರೆ ಕಬ್ಬು ಇದೆ. ರೊಕ್ಕ ಕೈಗೆ ಬರುವುದು ವರ್ಷಕ್ಕೆ ಒಮ್ಮೆ, ಅದೂ ಬಂದಾಗ ಬಂತು.

ನನಗೆ ಬೇಕಿರುವುದು ಎರಡೇ ಉತ್ತರ. ಎರಡು ವರ್ಷಕ್ಕೆ ಒಟ್ಟು ಎಷ್ಟು ಖರ್ಚಾಗುತ್ತದೆ? ಸೇರಿದವರಲ್ಲಿ ಎಷ್ಟು ಮಂದಿ ಎರಡೇ ವರ್ಷದಲ್ಲಿ ಪಾಸಾಗಿ ಹೊರಗೆ ಬರುತ್ತಾರೆ, ಬಂದ ಮೇಲೆ ಏನಾಗುತ್ತಾರೆ? ಕ್ಯಾಂಪಸ್ ಚೆಂದ ಇದೆ, ಗಾಳಿ ಬೆಳಕು ಚೆನ್ನಾಗಿದೆ ಅನ್ನುವುದು ಬೇಡ. ಗಾಳಿ ನಮ್ಮ ಹೊಲದಲ್ಲೂ ಇದೆ.

ಇಂಡಿ_ನಿಂಬೆ

ಅರ್ಥಶಾಸ್ತ್ರ ಓದುವುದು ತಂಗಿ, ಲೆಕ್ಕ ಹಾಕುವುದು ಅಣ್ಣ. ಅವಳಿಗೇ ಬಿಡಿ ಅಣ್ಣಾ, ಇದೇ ಮೊದಲ ಪ್ರಾಕ್ಟಿಕಲ್ ಆಗಲಿ.

ಭೂತರಾಮನಹಟ್ಟಿ_ಬ್ಯಾಚ್

ನಾನು ರಾಣಿ ಚನ್ನಮ್ಮ ವಿವಿಯಲ್ಲಿ ಎಂಎ ಮುಗಿಸಿದವನು. ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಇದು ಮೊದಲು ಧಾರವಾಡದ ಕರ್ನಾಟಕ ವಿವಿಯ ಸ್ನಾತಕೋತ್ತರ ಕೇಂದ್ರವಾಗಿತ್ತು. 2010ರಲ್ಲಿ ಸ್ವಂತ ವಿವಿ ಆಯಿತು. ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಜಿಲ್ಲೆಯ ಕಾಲೇಜುಗಳು ಇದರ ಕೆಳಗೆ ಇದ್ದವು. ಜಮಖಂಡಿಯಲ್ಲಿ ಬಾಗಲಕೋಟೆ ವಿವಿ ಶುರುವಾದ ಮೇಲೆ ಆ ಜಿಲ್ಲೆ ಅತ್ತ ಹೋಯಿತು.

ಅಥಣಿಯವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಇದನ್ನು ಯಾರೂ ಹೇಳುವುದಿಲ್ಲ. ಹಳೆ ಕ್ಯಾಂಪಸ್ ಇರುವುದು ಭೂತರಾಮನಹಟ್ಟಿಯಲ್ಲಿ, ಬೆಳಗಾವಿಯಿಂದ ಕೊಲ್ಹಾಪುರದ ಕಡೆ ಹೋಗುವ ಹೈವೇಯಲ್ಲಿ. ನೀವು ಚಿಕ್ಕೋಡಿ, ಸಂಕೇಶ್ವರದ ಮೇಲೆ ಬಂದರೆ ಊರು ಮುಟ್ಟುವ ಮೊದಲೇ ಸಿಗುತ್ತದೆ. ಹೊಸ ಕ್ಯಾಂಪಸ್ ಹಿರೇಬಾಗೇವಾಡಿ ಕಡೆ. ಅದು ಊರು ದಾಟಿ ಧಾರವಾಡದ ದಿಕ್ಕಿಗೆ. ಒಂದೇ ಹೈವೇ, ಆದರೆ ಒಂದು ಈ ಕಡೆ, ಒಂದು ಆ ಕಡೆ. ಹಾಗಾಗಿ ರೂಮ್ ಹುಡುಕುವ ಮೊದಲು ಅರ್ಥಶಾಸ್ತ್ರ ವಿಭಾಗದ ಕ್ಲಾಸ್ ಎಲ್ಲಿ ನಡೆಯುತ್ತದೆ ಅಂತ ವಿಭಾಗಕ್ಕೇ ಫೋನ್ ಮಾಡಿ ಕೇಳಿ. ತಪ್ಪು ಕಡೆ ರೂಮ್ ಮಾಡಿದರೆ ದಿನಕ್ಕೆ ಎರಡು ತಾಸು ಬಸ್ಸಿನಲ್ಲೇ ಹೋಗುತ್ತದೆ.

ಫೀ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಎರಡೂ ಸರ್ಕಾರಿ ವಿವಿ. ಮೆರಿಟ್ ಸೀಟು ಸಿಕ್ಕರೆ ಖಾಸಗಿ ಕಾಲೇಜಿನ ಮುಂದೆ ಎರಡೂ ಅಗ್ಗ. ಪೇಮೆಂಟ್ ಸೀಟ್ ಆದರೆ ಮಾತ್ರ ಲೆಕ್ಕ ಬೇರೆ.

ತೊರವಿ_ಹುಡುಗಿ

ಅಣ್ಣಾ, ನಾನು ಮಹಿಳಾ ವಿವಿಯವಳು. ನಿಮ್ಮ ಅಥಣಿ ಕಡೆಯ ಹಳ್ಳಿಯವಳೇ. 2023ರಲ್ಲಿ ಸೇರಿದೆ.

ವಿಜಯಪುರದ ವಿವಿ 2003ರಲ್ಲಿ ಶುರುವಾದದ್ದು. ರಾಜ್ಯದಲ್ಲಿ ಹೆಣ್ಣುಮಕ್ಕಳಿಗೇ ಅಂತ ಇರುವ ಸರ್ಕಾರಿ ವಿವಿ ಇದು. ಅಕ್ಕಮಹಾದೇವಿ ಹೆಸರು ಆಮೇಲೆ ಬಂತು. ಕ್ಯಾಂಪಸ್ ಊರೊಳಗೆ ಇಲ್ಲ, ತೊರವಿಯಲ್ಲಿದೆ. ತೊರವಿ ಇರುವುದು ಅಥಣಿ ರಸ್ತೆಯಲ್ಲೇ. ಅಂದರೆ ನಿಮ್ಮೂರಿನಿಂದ ವಿಜಯಪುರಕ್ಕೆ ಹೋಗುವ ಬಸ್ಸು ತಿಕೋಟಾ ದಾಟಿ, ಊರು ಸೇರುವ ಮೊದಲೇ ವಿವಿ ಮುಂದೆ ಹಾಯುತ್ತದೆ.

ಇದರಿಂದ ನಮ್ಮ ಮನೆಗೆ ಆದ ಲಾಭ ಕೇಳಿ. ಅವ್ವ ಸೋಮವಾರ ಬೆಳಿಗ್ಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಕೆಂಪು ಖಾರ ಬಟ್ಟೆಯಲ್ಲಿ ಗಂಟು ಕಟ್ಟಿ ಬಸ್ಸಿನ ಕಂಡಕ್ಟರ್ ಕಾಕಾನ ಕೈಗೆ ಕೊಡುತ್ತಿದ್ದಳು. ಆಮೇಲೆ ನನಗೊಂದು ಮಿಸ್ ಕಾಲ್. ನಾನು ಗೇಟ್ ಹತ್ತಿರ ನಿಂತಿರುತ್ತಿದ್ದೆ. ಬಸ್ಸು ಪೂರ್ತಿ ನಿಲ್ಲುತ್ತಲೂ ಇರಲಿಲ್ಲ. ನಿಧಾನ ಆಗುತ್ತಿತ್ತು, ಕಾಕಾ ಬಾಗಿಲಲ್ಲಿ ಬಾಗಿ ಗಂಟು ಕೊಟ್ಟು ರೈಟ್ ಅನ್ನುತ್ತಿದ್ದರು. ರೊಟ್ಟಿ ವಾರ ಪೂರ್ತಿ ಬರುತ್ತಿತ್ತು. ರೂಮಿನ ನಾಲ್ಕೂ ಮಂದಿ ಅದರಲ್ಲೇ ತಿಂದಿದ್ದೇವೆ.

ಇನ್ನೊಂದು ವಿಷಯ. ಬೆಳಗಾವಿ ವಿವಿಯೇ ಬೇಕು, ವಿಜಯಪುರ ಹತ್ತಿರವೂ ಬೇಕು ಅಂದರೆ ಮೂರನೇ ದಾರಿ ಇದೆ. ರಾಣಿ ಚನ್ನಮ್ಮ ವಿವಿಯದೇ ಸ್ನಾತಕೋತ್ತರ ಕೇಂದ್ರ ತೊರವಿಯಲ್ಲಿ ಇದೆ, ಫ.ಗು. ಹಳಕಟ್ಟಿಯವರ ಹೆಸರಿನಲ್ಲಿ. ನಿಮ್ಮ ವಿಷಯ ಅಲ್ಲಿ ಇದೆಯಾ ಅಂತ ವಿಚಾರಿಸಿ.

ಅಥಣಿ_ಅಣ್ಣ

ತಂಗಿ, ಒಳ್ಳೆ ಸುದ್ದಿ ಹೇಳಿದೆ. ಹಾಗಾದರೆ ದಿನಾ ಮನೆಯಿಂದಲೇ ಹೋಗಿ ಬರಬಹುದಲ್ವಾ? ಶಕ್ತಿ ಯೋಜನೆ ಇದೆ, ಬಸ್ಸು ಫ್ರೀ. ಹಾಸ್ಟೆಲ್ ಖರ್ಚೇ ಉಳಿಯಿತು.

ತೊರವಿ_ಹುಡುಗಿ

ಬೇಡ ಅಣ್ಣಾ, ದಯವಿಟ್ಟು ಬೇಡ. ನಾನೂ ಅದನ್ನೇ ಮಾಡಿದ್ದೆ.

2023ರ ಜೂನ್ 11ಕ್ಕೆ ಶಕ್ತಿ ಶುರುವಾಯಿತು. ಅದೇ ವರ್ಷ ನನ್ನ ಅಡ್ಮಿಶನ್. ಅಪ್ಪ ಅಂದರು, ಆಧಾರ್ ತೋರಿಸಿದರೆ ಟಿಕೆಟ್ ಜೀರೋ, ಹಾಸ್ಟೆಲ್‌ಗೆ ಯಾಕೆ ರೊಕ್ಕ ಕೊಡಬೇಕು? ಹೋಗುವುದು ಎರಡು ತಾಸು, ಬರುವುದು ಎರಡು ತಾಸು. ಬೆಳಿಗ್ಗೆ ಐದಕ್ಕೆ ಎದ್ದು, ಕಸ ಮುಸುರೆ ಮುಗಿಸಿ, ಬಸ್ ಸ್ಟ್ಯಾಂಡಿಗೆ ಓಡುವುದು. ಸೀಟು ಸಿಗುವುದು ಅಪರೂಪ, ನಿಂತೇ ಹೋಗುವುದು. ಸಂಜೆ ಮನೆಗೆ ಬಂದರೆ ಮತ್ತೆ ರೊಟ್ಟಿ ಬಡಿಯಬೇಕು. ಮನೆಯಲ್ಲಿ ಇದ್ದೇನೆ ಅಂದಮೇಲೆ ಕೆಲಸ ಬಿಡುತ್ತದಾ? ಹಾಜರಿ 75 ಶೇಕಡಾ ಬೇಕು. ಮೊದಲ ಸೆಮಿಸ್ಟರ್‌ನಲ್ಲಿ ನಾನು ಅದರ ಗಡಿಯಲ್ಲಿ ನಿಂತಿದ್ದೆ. ಅಂಕಿಅಂಶಗಳ ಪೇಪರ್ ಒಂದು ಹೋಯಿತು. ಎರಡನೇ ಸೆಮಿಸ್ಟರ್‌ಗೆ ಹಾಸ್ಟೆಲ್ ಸೇರಿದೆ. ಹೋದ ಪೇಪರ್ ಪಾಸಾಯಿತು, ಮತ್ತೆ ಯಾವುದೂ ಹೋಗಲಿಲ್ಲ.

ಬಸ್ಸು ಫ್ರೀ ಅಂತ ದಿನಕ್ಕೆ ನಾಲ್ಕು ತಾಸು ಕೊಟ್ಟೆ. ಆ ನಾಲ್ಕು ತಾಸಿನಲ್ಲಿ ಓದಬಹುದಿತ್ತು. ಶಕ್ತಿ ಇರುವುದು ವಾರಕ್ಕೊಮ್ಮೆ ಊರಿಗೆ ಬಂದು ಹೋಗಲು.

ಲೆಕ್ಕದ_ಕಾಕಾ

ಬ್ಯಾಂಕಿನಲ್ಲಿ 34 ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ಅಥಣಿಯ ತಮ್ಮ ಕೇಳಿದ ಲೆಕ್ಕ ಹಾಕಿಕೊಡುತ್ತೇನೆ. ಅಂಕಿಗಳು ನನ್ನ ಅಂದಾಜು, ನಿಮ್ಮ ಅಂಕಿ ಹಾಕಿಕೊಂಡು ಕೂಡಿಸಿ.

ವಿವಿ ಹಾಸ್ಟೆಲ್ ಸಿಕ್ಕಿತು ಅನ್ನೋಣ. ಊಟ, ವಸತಿ, ಕೈಖರ್ಚು ಸೇರಿ ತಿಂಗಳಿಗೆ 5,000 ಹಿಡಿಯಿರಿ. ವರ್ಷಕ್ಕೆ 10 ತಿಂಗಳು, ಎರಡು ವರ್ಷಕ್ಕೆ ಒಂದು ಲಕ್ಷ. ಹಾಸ್ಟೆಲ್ ಸಿಗದೆ ಹೊರಗೆ ರೂಮ್ ಮಾಡಿದರೆ 7,500 ಹಿಡಿಯಿರಿ. ಒಂದೂವರೆ ಲಕ್ಷ ಆಯಿತು. ನಡುವೆ ಐವತ್ತು ಸಾವಿರದ ವ್ಯತ್ಯಾಸ. ಎರಡು ವಿವಿಗಳ ಫೀ ನಡುವಿನ ವ್ಯತ್ಯಾಸ ಇದರ ಹತ್ತಿರವೂ ಬರುವುದಿಲ್ಲ. ಅಂದರೆ ಖರ್ಚು ನಿರ್ಧಾರ ಆಗುವುದು ಫೀ ಕೌಂಟರ್‌ನಲ್ಲಿ ಅಲ್ಲ, ಹಾಸ್ಟೆಲ್ ಪಟ್ಟಿಯಲ್ಲಿ. ಮೊದಲ ವರ್ಷದವರಿಗೆ ಹಾಸ್ಟೆಲ್ ಯಾವ ತಿಂಗಳು ಕೊಡುತ್ತಾರೆ ಅಂತ ಕೇಳಿ. ಕ್ಲಾಸ್ ಶುರುವಾಗಿ ಎರಡು ತಿಂಗಳಿಗೆ ಕೊಟ್ಟರೆ ಆ ಎರಡು ತಿಂಗಳು ಹೊರಗೆ ಇರಬೇಕು.

ಇನ್ನು ಬರುವ ರೊಕ್ಕ. ಮೂರು ಎಕರೆ ನಿಮ್ಮ ಅಪ್ಪನ ಹೆಸರಿನಲ್ಲಿ ಇದೆಯಾ? ಹಾಗಿದ್ದರೆ ರೈತ ವಿದ್ಯಾನಿಧಿ ಸಿಗುತ್ತದೆ. ಸ್ನಾತಕೋತ್ತರಕ್ಕೆ ಹೆಣ್ಣುಮಕ್ಕಳಿಗೆ ವರ್ಷಕ್ಕೆ 11,000, ಗಂಡುಮಕ್ಕಳಿಗೆ 10,000. ಎರಡು ವರ್ಷಕ್ಕೆ 22,000. ಅಪ್ಪನ ಫ್ರೂಟ್ಸ್ ಐಡಿ, ಅಂದರೆ ರೈತರ ನೋಂದಣಿ ಸಂಖ್ಯೆ, ಇರಬೇಕು, ತಂಗಿಯ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಈ ಜೋಡಣೆ ಇಲ್ಲದೆ ಎಷ್ಟೋ ಮಕ್ಕಳ ಸ್ಕಾಲರ್‌ಶಿಪ್ ನಿಂತು ಕೌಂಟರ್ ಮುಂದೆ ಅತ್ತಿದ್ದನ್ನು ನೋಡಿದ್ದೇನೆ. ಉಳಿದ ಸ್ಕಾಲರ್‌ಶಿಪ್‌ಗೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ. ಜಾತಿ, ಆದಾಯ ಪ್ರಮಾಣಪತ್ರ ಈಗಲೇ ತೆಗೆಸಿ ಇಡಿ. ಕೊನೆ ದಿನ ನಾಡಕಚೇರಿ ಮುಂದೆ ಪಾಳಿ ಹಚ್ಚಬೇಡಿ.

ಇಂಡಿ_ನಿಂಬೆ

ಕಾಕಾ, ಖರ್ಚಿನಲ್ಲಿ ಒಂದು ಸಾಲು ಬಿಟ್ಟಿದ್ದೀರಿ. ಈಗ ತಮಾಷೆ ಮಾಡುತ್ತಿಲ್ಲ.

ನಾನು ಓದಿದ್ದು ಈ ಎರಡೂ ವಿವಿ ಅಲ್ಲ, ಬೇರೆ ಸರ್ಕಾರಿ ವಿವಿ. ಹೆಸರು ಬೇಡ. ಕೊನೆ ಸೆಮಿಸ್ಟರ್ ಪರೀಕ್ಷೆ ಬರೆದು ಊರಿಗೆ ಬಂದೆ. ರಿಸಲ್ಟ್ ಇವತ್ತು ನಾಳೆ ಅಂತ ನಾಲ್ಕು ತಿಂಗಳು ಹೋಯಿತು. ಬಂದಾಗ ಒಂದು ಪೇಪರಿನಲ್ಲಿ ಇಂಟರ್ನಲ್ ಮಾರ್ಕ್ಸ್ ಸೇರಿಸಿರಲಿಲ್ಲ, ಫೇಲ್ ಅಂತ ತೋರಿಸಿತು. ಅದನ್ನು ಸರಿ ಮಾಡಿಸಲು ಮೂರು ಸಲ ಹೋದೆ. ಮೂರನೇ ಸಲ ಅದೇ ಟೇಬಲ್, ಅದೇ ಕುರ್ಚಿ, ಕುರ್ಚಿಯ ಮೇಲೆ ಟವೆಲ್ ಮಾತ್ರ ಇತ್ತು. ಮಾರ್ಕ್ಸ್ ಕಾರ್ಡ್ ಕೈಗೆ ಬರುವ ಹೊತ್ತಿಗೆ ಬಿಎಡ್ ಅಡ್ಮಿಶನ್ ಮುಗಿದಿತ್ತು. ಪೂರ್ತಿ ವರ್ಷ ನಿಂಬೆ ತೋಟದಲ್ಲಿ ನೀರು ಹಾಯಿಸಿದೆ.

ನನ್ನ ಫೀ ಬಹಳ ಕಡಿಮೆ ಇತ್ತು. ಆದರೆ ಹೋದ ಆ ವರ್ಷವೂ ಖರ್ಚೇ ಅಲ್ವಾ? ಹಾಗಾಗಿ ಅಣ್ಣಾ, ಎರಡೂ ಕಡೆ ಈಗಷ್ಟೇ ಮುಗಿಸಿದವರನ್ನು ಹುಡುಕಿ. ಕೊನೆ ಪರೀಕ್ಷೆ ಯಾವ ತಾರೀಖಿಗೆ ಮುಗಿಯಿತು, ಮಾರ್ಕ್ಸ್ ಕಾರ್ಡ್ ಯಾವ ತಾರೀಖಿಗೆ ಕೈಗೆ ಬಂತು? ಈ ಎರಡು ತಾರೀಖು ಸಾಕು.

ಲೆಕ್ಕದ_ಕಾಕಾ

ಒಪ್ಪಿದೆ ತಮ್ಮಾ. ಆರು ತಿಂಗಳು ತಡ, ತಿಂಗಳಿಗೆ 15,000 ದುಡಿಯಬಹುದಾದ ಹುಡುಗಿ ಅಂದರೆ 90,000. ಹಾಸ್ಟೆಲ್ ಖರ್ಚಿನ ಹತ್ತಿರಕ್ಕೆ ಬಂತು.

ಜಮಖಂಡಿ_ಎಕ್ಸ್‌ಪ್ರೆಸ್

ಎಲ್ಲರೂ ಜಮಖಂಡಿಯನ್ನು ಮರೆತೇ ಬಿಟ್ಟಿರಿ. ಅಥಣಿಗೆ ಬಾಗಲಕೋಟೆ ವಿವಿಯೂ ದೂರ ಇಲ್ಲ.

ಭೂತರಾಮನಹಟ್ಟಿ_ಬ್ಯಾಚ್

ಮರೆತಿಲ್ಲ ರೀ. ಆದರೆ 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿವಿಗಳನ್ನು ಮುಚ್ಚಬೇಕು ಅಂತ ಹೇಳಿತ್ತಲ್ವಾ, ಆ ಗದ್ದಲದಲ್ಲಿ ಬಾಗಲಕೋಟೆಯ ಹೆಸರೂ ಇತ್ತು. ಪದವಿಗೆ ಬೆಲೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ಅಣ್ಣ ಕೇಳಿದ್ದು ಎರಡರ ಬಗ್ಗೆ, ಅದನ್ನೇ ಮುಗಿಸೋಣ.

ಅಥಣಿ_ಅಣ್ಣ

ಖರ್ಚಿನ ಲೆಕ್ಕ ತಿಳಿಯಿತು ಕಾಕಾ. ಎರಡನೇ ಪ್ರಶ್ನೆಗೆ ಯಾರೂ ಬಂದಿಲ್ಲ. ಪಾಸಾಗುವವರು ಎಷ್ಟು, ನೌಕರಿ ಎಷ್ಟು ಮಂದಿಗೆ?

ಲೆಕ್ಕದ_ಕಾಕಾ

ಅದಕ್ಕೆ ಎರಡು ಕಡೆ ನೋಡಿ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಮಾಹಿತಿ ಕೊಡುವ ವಿವಿಗಳು ಆ ಮಾಹಿತಿಯನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕುತ್ತವೆ. ರ‍್ಯಾಂಕ್ ಬಿಡಿ, ಆ ಪಿಡಿಎಫ್ ತೆರೆಯಿರಿ. ಎರಡು ವರ್ಷದ ಸ್ನಾತಕೋತ್ತರ ಅಂತ ಒಂದು ಪಟ್ಟಿ ಇರುತ್ತದೆ. ಎಷ್ಟು ಮಂದಿ ಸೇರಿದರು, ನಿಗದಿತ ಅವಧಿಯಲ್ಲಿ ಎಷ್ಟು ಮಂದಿ ಪಾಸಾದರು, ಎಷ್ಟು ಮಂದಿಗೆ ನೌಕರಿ, ಮಧ್ಯದ ಸಂಬಳ ಎಷ್ಟು, ಮುಂದೆ ಓದಲು ಹೋದವರು ಎಷ್ಟು. ಇನ್ನೊಂದು, ಕಾಲೇಜು, ವಿವಿಗಳ ಗುಣಮಟ್ಟ ಅಳೆಯುವ ಸಂಸ್ಥೆ ನ್ಯಾಕ್‌ಗೆ ಕೊಡುವ ವಾರ್ಷಿಕ ವರದಿ. ಅದರಲ್ಲಿ ಪಾಸ್ ಶೇಕಡಾ, ಕಾಲೇಜು ಮೇಷ್ಟ್ರಾಗಲು ಬರೆಯುವ ನೆಟ್ ಮತ್ತು ಕೆ-ಸೆಟ್ ಪರೀಕ್ಷೆ ಪಾಸಾದವರು ಎಲ್ಲ ಇರುತ್ತದೆ.

ಆದರೆ ಓದುವಾಗ ಎಚ್ಚರ. ಮಧ್ಯದ ಸಂಬಳ ಅಂದರೆ ನೌಕರಿ ಸಿಕ್ಕವರನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತವರ ಸಂಬಳ. 60 ಮಂದಿ ಪಾಸಾಗಿ 5 ಮಂದಿಗೆ ನೌಕರಿ ಸಿಕ್ಕಿತು ಅಂದುಕೊಳ್ಳಿ. ಆ ಐವರಲ್ಲಿ ಮೂರನೆಯವರ ಸಂಬಳ ಮಧ್ಯದ ಸಂಬಳ. ಉಳಿದ 55 ಮಂದಿ ಆ ಅಂಕಿಯಲ್ಲಿ ಕಾಣುವುದೇ ಇಲ್ಲ. ಇನ್ನೊಂದು ಗೊಂದಲ, ಅಲ್ಲಿ ಎಂಬಿಎ, ಎಂಎಸ್ಸಿ, ಎಂಎ ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿರುತ್ತಾರೆ. ಎಂಬಿಎ ಹುಡುಗರ ನೌಕರಿ ನೋಡಿ ನೀವು ಎಂಎಗೆ ಸೇರಿಸಿದರೆ ಲೆಕ್ಕ ತಪ್ಪಿತು. ಹೋಲಿಸುವುದಾದರೆ ವಿವಿ ವಿವಿಯನ್ನು ಹೋಲಿಸಬೇಡಿ, ಅರ್ಥಶಾಸ್ತ್ರ ವಿಭಾಗ ಇಲ್ಲಿ ಹೇಗಿದೆ, ಅಲ್ಲಿ ಹೇಗಿದೆ ಅಂತ ಹೋಲಿಸಿ.

ವಿಭಾಗದ ಅಂಕಿ ಬೇಕಾದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಕಥೆ ಬರೆಯಬೇಡಿ. 2022-23ರಲ್ಲಿ ಎಂಎ ಅರ್ಥಶಾಸ್ತ್ರಕ್ಕೆ ಸೇರಿದವರು ಎಷ್ಟು, ಅವರಲ್ಲಿ ನಾಲ್ಕು ಸೆಮಿಸ್ಟರಿನ ಎಲ್ಲ ಪೇಪರ್ ಎರಡು ವರ್ಷದಲ್ಲಿ ಪಾಸಾದವರು ಎಷ್ಟು ಅಂತ ಎರಡು ಸಾಲು ಸಾಕು.

ಜಮಖಂಡಿ_ಎಕ್ಸ್‌ಪ್ರೆಸ್

ನೌಕರಿ ಸಿಗದಿದ್ದರೆ ಯುವನಿಧಿ ಇದೆಯಲ್ಲ ಕಾಕಾ. ತಿಂಗಳಿಗೆ 3,000, ಎರಡು ವರ್ಷ. 72,000 ಆಯಿತು.

ಲೆಕ್ಕದ_ಕಾಕಾ

ಪಾಸಾಗಿ 180 ದಿನ ನೌಕರಿ ಇಲ್ಲದೆ ಕೂತ ಮೇಲೆ ಅದು. ನೌಕರಿ ಸಿಗದಿದ್ದುದಕ್ಕೆ ಕೊಡುವ ರೊಕ್ಕವನ್ನು ಜಮೆಯ ಕಡೆ ಬರೆಯುವ ಲೆಕ್ಕ ನಾನು ಬ್ಯಾಂಕಿನಲ್ಲೂ ಕಲಿತಿಲ್ಲ.

ಅಥಣಿ_ತಂಗಿ

ನಮಸ್ಕಾರ. ಅಣ್ಣನ ಫೋನಿನಲ್ಲಿ ಇದನ್ನೆಲ್ಲ ಓದಿದೆ. ಅವನು ಒಂದು ಪ್ರಶ್ನೆ ಕೇಳಿಲ್ಲ, ನಾನು ಕೇಳುತ್ತೇನೆ. ನನಗೆ ನೆಟ್ ಅಥವಾ ಕೆ-ಸೆಟ್ ಮಾಡಬೇಕು, ಕಾಲೇಜಿನಲ್ಲಿ ಪಾಠ ಮಾಡಬೇಕು. ಅದಕ್ಕೆ ಎಲ್ಲಿ ಅನುಕೂಲ?

ಮತ್ತೆ ತೊರವಿ ಅಕ್ಕಾ, ನಿಮ್ಮ ಕ್ಲಾಸಿನಲ್ಲಿ ನಡುವೆ ಬಿಟ್ಟವರು ಯಾಕೆ ಬಿಟ್ಟರು?

ತೊರವಿ_ಹುಡುಗಿ

ನೀನು ಕೇಳಿದ್ದು ಸರಿಯಾದ ಪ್ರಶ್ನೆ ತಂಗಿ. ನಮ್ಮ ಕ್ಲಾಸಿನಲ್ಲಿ ಬಿಟ್ಟವರಲ್ಲಿ ಫೇಲಾಗಿ ಬಿಟ್ಟವರನ್ನು ನಾನು ನೋಡಲಿಲ್ಲ. ಮದುವೆ ಗೊತ್ತಾಗಿ ಬಿಟ್ಟರು. ಯುಗಾದಿಗೆ ಊರಿಗೆ ಹೋದವಳು ವಾಪಸ್ ಬರುವುದಿಲ್ಲ. ಹಾಸ್ಟೆಲ್ ಕಪಾಟಿನಲ್ಲಿ ಅವಳ ನೋಟ್ಸ್, ಒಂದು ಜೋಡಿ ಚಪ್ಪಲಿ ಉಳಿದಿರುತ್ತವೆ. ಕೆಲವರು ಮದುವೆ ಆದ ಮೇಲೂ ಬಂದು ಪರೀಕ್ಷೆ ಬರೆದರು. ಅವರಲ್ಲಿ ಒಬ್ಬಳಿಗೆ ಅತ್ತೆಯೇ ಗೇಟಿನ ಹೊರಗೆ ಕೂಸು ಎತ್ತಿಕೊಂಡು ಕೂತಿದ್ದಳು.

ಹೆಣ್ಣುಮಕ್ಕಳ ಪಾಸ್ ಲೆಕ್ಕ ಯಾವ ವಿವಿಯಲ್ಲೂ ಅರ್ಧ ಮನೆಯಲ್ಲೇ ಬರೆದಿರುತ್ತದೆ. ನಿಮ್ಮ ಮನೆಯಲ್ಲಿ ಎರಡು ವರ್ಷ ಗಂಡು ತೋರಿಸುವುದಿಲ್ಲ ಅಂತ ಅಣ್ಣನಿಂದ ಇಲ್ಲೇ ಬರೆಸಿಕೊ. ಆಮೇಲೆ ವಿವಿ ಆರಿಸು.

ಭೂತರಾಮನಹಟ್ಟಿ_ಬ್ಯಾಚ್

ನೆಟ್, ಕೆ-ಸೆಟ್ ಎರಡಕ್ಕೂ ಎಂಎನಲ್ಲಿ 55 ಶೇಕಡಾ ಬೇಕು. ಮೀಸಲಾತಿ ಇರುವವರಿಗೆ 50. ಹಾಗಾಗಿ ಬರೀ ಪಾಸಾದರೆ ಆಗದು. ನನ್ನ ಗೆಳೆಯ ಒಬ್ಬ 54 ಚಿಲ್ಲರೆಗೆ ನಿಂತು ಮತ್ತೆ ಪೇಪರ್ ಕಟ್ಟಿದ. ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಸಿಕ್ಕರೆ ಶುರುವಿಗೇ ತಿಂಗಳಿಗೆ 37,000. ಆಮೇಲೆ ಎಂಎ ಖರ್ಚಿನ ಮಾತೇ ಬರುವುದಿಲ್ಲ.

ಎಲ್ಲಿ ಅನುಕೂಲ ಅಂದರೆ, ವಿಭಾಗದಲ್ಲಿ ಕಾಯಂ ಮೇಷ್ಟ್ರು ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು ಅಂತ ನೋಡು. ಅತಿಥಿ ಉಪನ್ಯಾಸಕರು ಕಡಿಮೆ ಕಲಿಸುತ್ತಾರೆ ಅಂತ ಅಲ್ಲ, ನನಗೆ ಚೆನ್ನಾಗಿ ಕಲಿಸಿದವರೇ ಅವರು. ಆದರೆ ಮುಂದಿನ ವರ್ಷ ಅವರು ಅಲ್ಲಿ ಇರುತ್ತಾರಾ ಅಂತ ಅವರಿಗೇ ಗೊತ್ತಿರುವುದಿಲ್ಲ. ಪಿಎಚ್‌ಡಿಗೆ ಗೈಡ್ ಬೇಕಾದಾಗ ಇದು ಗೊತ್ತಾಗುತ್ತದೆ. ಲೈಬ್ರರಿ ಎಷ್ಟು ಗಂಟೆಗೆ ಮುಚ್ಚುತ್ತದೆ ಅಂತಲೂ ಕೇಳು. ಹುಡುಗಿಯರ ಹಾಸ್ಟೆಲ್ ಗೇಟ್ ಅದಕ್ಕಿಂತ ಮೊದಲೇ ಮುಚ್ಚಿದರೆ ಲೈಬ್ರರಿ ತೆರೆದಿದ್ದೂ ಒಂದೇ, ಮುಚ್ಚಿದ್ದೂ ಒಂದೇ.

ತೊರವಿ_ಹುಡುಗಿ

ಇದರಲ್ಲಿ ನಮ್ಮ ಕ್ಯಾಂಪಸ್ ಗೆಲ್ಲುತ್ತದೆ ಅಂತ ನನ್ನ ಅನಿಸಿಕೆ, ಪಕ್ಷಪಾತ ಅಂದರೂ ಸರಿ. ಸುತ್ತ ಎಲ್ಲ ಹುಡುಗಿಯರೇ ಇದ್ದಾಗ ಮೊದಲ ಬೆಂಚು, ಸೆಮಿನಾರ್, ಯೂನಿಯನ್ ಎಲ್ಲದಕ್ಕೂ ನಾವೇ ಎದ್ದು ನಿಲ್ಲಬೇಕು. ಬಿಎ ಓದುವಾಗ ಮೂರು ವರ್ಷ ನಾನು ಒಂದು ಪ್ರಶ್ನೆ ಕೇಳಿರಲಿಲ್ಲ.

ಒಂದು ಉಪಾಯ ಹೇಳುತ್ತೇನೆ. ವಿಭಾಗಕ್ಕೆ ಹೋದಾಗ ಗೋಡೆಯ ಮೇಲಿನ ಗ್ರೂಪ್ ಫೋಟೋ ನೋಡು. ಒಂದೇ ಬ್ಯಾಚಿನ ಸ್ವಾಗತದ ಫೋಟೋ ಮತ್ತು ಬೀಳ್ಕೊಡುಗೆ ಫೋಟೋ ಸಿಕ್ಕರೆ ತಲೆ ಎಣಿಸು.

ಅಥಣಿ_ಅಣ್ಣ

ಬರೆದು ಕೊಡುತ್ತಿದ್ದೇನೆ ಅಕ್ಕಾರ. ಎರಡು ವರ್ಷ ಗಂಡು ತೋರಿಸುವುದಿಲ್ಲ. ಅಪ್ಪನಿಗೂ ಓದಿ ಹೇಳಿದೆ. ಅವರು ಏನೂ ಅನ್ನಲಿಲ್ಲ, ಎದ್ದು ದನಕ್ಕೆ ನೀರು ಕುಡಿಸಲು ಹೋದರು. ನಮ್ಮ ಮನೆಯಲ್ಲಿ ಅದು ಒಪ್ಪಿಗೆ.

ಅಥಣಿ_ತಂಗಿ

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಎರಡೂ ಕಡೆ ಹೋಗಿ ಬಂದೆವು.

ಫೋಟೋ ಎರಡೂ ಕಡೆ ಎಣಿಸಿದೆ. ಅಂಕಿ ಇಲ್ಲಿ ಹಾಕುವುದಿಲ್ಲ. ಬೀಳ್ಕೊಡುಗೆ ದಿನ ಜ್ವರ ಬಂದವರೂ ಇರುತ್ತಾರೆ, ಒಂದು ಫೋಟೋ ಹಿಡಿದು ವಿಭಾಗವನ್ನು ತೂಗಬಾರದು ಅಂತ ಅನಿಸಿತು. ಆದರೆ ಎಣಿಸುತ್ತಾ ನಿಂತಾಗ ತೊರವಿಯಲ್ಲಿ ಒಬ್ಬ ಮೇಡಂ ಏನು ನೋಡುತ್ತಿದ್ದೀಯಾ ಅಂತ ಕೇಳಿದರು. ಇದ್ದದ್ದು ಹೇಳಿದೆ. ಅವರು ನಕ್ಕು ಒಳಗಿಂದ ಉದ್ದನೆಯ ರಿಜಿಸ್ಟರ್ ತಂದರು. ಹಳೆ ವಿದ್ಯಾರ್ಥಿನಿಯರ ಹೆಸರು, ಊರು, ಈಗ ಏನು ಮಾಡುತ್ತಿದ್ದಾರೆ ಅಂತ ಕೈಬರಹದಲ್ಲಿ ಇತ್ತು. ಕೆಲವು ಕಡೆ ಅತಿಥಿ ಉಪನ್ಯಾಸಕಿ ಅಂತ ಬರೆದದ್ದನ್ನು ಹೊಡೆದು ಬೇರೆ ಪೆನ್ನಿನಲ್ಲಿ ಹೊಸದು ಬರೆದಿದ್ದರು. ಕೆಲವು ಸಾಲು ಖಾಲಿ ಇದ್ದವು. ಖಾಲಿ ಇರುವುದನ್ನೂ ಅವರು ಮುಚ್ಚಲಿಲ್ಲ.

ಅರ್ಜಿ ಎರಡೂ ಕಡೆ ಹಾಕಿದ್ದೇನೆ. ಮೆರಿಟ್ ಪಟ್ಟಿ ಬರಬೇಕು. ಮೊದಲ ಆಯ್ಕೆ ತೊರವಿ, ಹಾಸ್ಟೆಲ್‌ನಲ್ಲೇ ಇರುತ್ತೇನೆ. ಮಾಹಿತಿ ಹಕ್ಕು ಅರ್ಜಿಯನ್ನೂ ಎರಡೂ ಕಡೆ ಕಳಿಸಿದ್ದೇನೆ ಕಾಕಾ, 41 ಪದ ಆಯಿತು. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ.

ಲೆಕ್ಕದ_ಕಾಕಾ

ಪೋಸ್ಟಲ್ ಆರ್ಡರ್ ನಂಬರ್ ಬರೆದು ಇಟ್ಟುಕೊಂಡಿದ್ದೀಯಾ ಮಗಳೇ?

ಅಥಣಿ_ತಂಗಿ

ಇಟ್ಟುಕೊಂಡಿದ್ದೇನೆ ಕಾಕಾ. ತೊರವಿ ಅಕ್ಕಾ, ಬುತ್ತಿ ತರುತ್ತಿದ್ದ ಆ ಬಸ್ಸು ಅಥಣಿಯಿಂದ ಎಷ್ಟು ಗಂಟೆಗೆ ಬಿಡುತ್ತದೆ? ಅವ್ವ ಈಗಲೇ ಕೇಳುತ್ತಿದ್ದಾಳೆ.

ಇಂಡಿ_ನಿಂಬೆ

ಉಪ್ಪಿನಕಾಯಿ ಮಾತ್ರ ಮನೆಯಿಂದ ತರಬೇಡ ತಂಗಿ. ಅದು ಇಂಡಿಯಿಂದ ಬರುತ್ತದೆ.